ಮೀನಿನ ತೊಟ್ಟಿಯ ಸ್ಪಂಜನ್ನು ತೊಳೆದು ಬಿಸಿಲಿಗೆ ಹಾಕದಿರುವ ಬಗ್ಗೆ

ಒಳಮನೆ ಇಲಾಖೆ
(ಮೀನು ಮತ್ತು ನೀರು ಶಾಖೆ)
ಅಡುಗೆಮನೆ ಕಟ್ಟೆ, ರಾಯಚೂರು

ಸಂಖ್ಯೆ: ಒಮಇ/ಮೀನೀ/ಸ್ಪಂಜು/01
ದಿನಾಂಕ: ಯುಗಾದಿ ಕಳೆದ ಮೇಲಿನ ಗುರುವಾರ (ರೊಟ್ಟಿಯ ಹೊತ್ತಿಗೆ ಆರಂಭಿಸಿ, ಸಾರು ಕುದಿಯುವಾಗ ಮುಂದುವರಿಸಿ, ಮುಸುರೆ ತೊಳೆದ ನಂತರ ಮುಗಿಸಿದ್ದು)

ಸುತ್ತೋಲೆ

ವಿಷಯ: ಪಡಸಾಲೆಯ ಗಾಜಿನ ತೊಟ್ಟಿಗೆ ಫಿಲ್ಟರ್ ಜೋಡಿಸುವ, ತೊಳೆಯುವ ಹಾಗೂ ತೊಳೆಯದೇ ಬಿಡುವ ಕ್ರಮ, ಸದರಿ ಫಿಲ್ಟರಿನೊಳಗೆ ಕಣ್ಣಿಗೆ ಕಾಣದಂತೆ ದುಡಿಯುವ ಉಪಕಾರಿ ಬ್ಯಾಕ್ಟೀರಿಯಾಗಳ ಪಾಲನೆ, ಮತ್ತು ಈ ಮನೆಯಲ್ಲಿ ಒಬ್ಬರು ಕೇಳದೇ ಇಟ್ಟುಕೊಂಡಿರುವ ಪ್ರಶ್ನೆಯ ವಿಲೇವಾರಿ ಕುರಿತು.

ಉಲ್ಲೇಖ:
(1) ಯುಗಾದಿ ಅಮಾವಾಸ್ಯೆಯ ಮುನ್ನಾದಿನ ಈ ಕಛೇರಿಯಿಂದಲೇ ಹೊರಟ ‘ಮನ್ಯಾಗ ಏನೇನದ ಎಲ್ಲಾ ತೊಳೀರಿ’ ಎಂಬ ಮೌಖಿಕ ಆದೇಶ.
(2) ಮೀನಿನ ಅಂಗಡಿಯ ಶ್ರೀ ಮತೀನ್ ಅವರೊಂದಿಗೆ ನಡೆದ ದೂರವಾಣಿ ಸಂಭಾಷಣೆ.
(3) ತವೆಯ ಮೇಲೆ ಸೀದುಹೋದ ರೊಟ್ಟಿ, ಒಂದು.

ಪ್ರಸ್ತಾವನೆ:

ಇಲಾಖೆಯ ಮುಖ್ಯಸ್ಥರಾದ ಶ್ರೀಮತಿ ಅನ್ನಪೂರ್ಣ ಅವರು ಇಂದು ಬೆಳಿಗ್ಗೆ ಎಂದಿನಂತೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಒಂದು ರೊಟ್ಟಿ ತವೆಯ ಮೇಲಿತ್ತು, ಇನ್ನೊಂದು ಅಂಗೈ ಕೆಳಗೆ ಅರ್ಧ ಅಗಲವಾಗಿತ್ತು. ಆ ಹೊತ್ತಿಗೆ ಅವರ ಮಗಳು, ನಾಲ್ಕನೇ ತರಗತಿಯ ಕುಮಾರಿ ವಿಶಾಖಾ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಏನೋ ಕೇಳುವವರಂತೆ ಉಸಿರೆಳೆದುಕೊಂಡು ಬಾಯಿ ತೆರೆದರು. ಮತ್ತೆ ಮುಚ್ಚಿದರು. ತಿರುಗಿ ಹೋದರು. ಹೋಗುತ್ತಿದ್ದ ಆ ಪುಟ್ಟ ಬೆನ್ನನ್ನೇ ನೋಡುತ್ತ ನಿಂತ ಕಾರಣ ಉಲ್ಲೇಖ (3)ರ ರೊಟ್ಟಿ ಸೀದಿರುತ್ತದೆ.

ಇದು ಇಂದಿನ ಒಂದು ಘಟನೆಯಲ್ಲ. ಹಬ್ಬದ ಬೆನ್ನಿಗೇ ತೊಟ್ಟಿಯ ಹಿರಿಯ ಸದಸ್ಯ, ಕಿತ್ತಳೆ ಬಣ್ಣದ ಮೀನು ‘ಬೂಂದಿ’, ಸೇವೆಯಲ್ಲಿರುವಾಗಲೇ ತೀರಿಕೊಂಡಿರುತ್ತದೆ. ಅದನ್ನು ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿ ಬಂದಾಗಿನಿಂದ ಕುಮಾರಿ ವಿಶಾಖಾ ಅವರು ಕೇಳಿದ್ದಕ್ಕೆ ‘ಹೂಂ’, ‘ಉಹೂಂ’ ಬಿಟ್ಟರೆ ಬೇರೇನೂ ಮಾತನಾಡಿರುವುದಿಲ್ಲ. ಉಳಿದ ಮೀನುಗಳು ನಿನ್ನೆಯವರೆಗೂ ನೀರಿನ ಮೇಲ್ಭಾಗಕ್ಕೆ ಬಂದು ಗುಟುಕು ಗುಟುಕಾಗಿ ಉಸಿರಾಡುತ್ತಿದ್ದು, ಅವರು ಗಾಜಿಗೆ ಮೂಗು ತಾಗಿಸಿ ಅವುಗಳಂತೆಯೇ ಬಾಯಿ ತೆರೆದು ಮುಚ್ಚುತ್ತ ಕುಳಿತಿರುತ್ತಾರೆ. ಮೀನುಗಳಿಗೆ ಕಾಳು ಹಾಕುವ ಕೆಲಸ ಅವರದಾಗಿದ್ದು, ಆ ಡಬ್ಬಿಯನ್ನು ಅವರು ಮುಟ್ಟುತ್ತಿಲ್ಲ.

ಮೀನುಗಳನ್ನೂ ಮಗುವನ್ನೂ ಒಟ್ಟಿಗೇ ಉಸಿರಾಡುವಂತೆ ಮಾಡುವುದು ತುರ್ತು ಅಗತ್ಯವೆಂದು ಮನಗಂಡು, ಇಲಾಖೆಯು ವಿಚಾರಣೆ ನಡೆಸಿದೆ. ಸಂಬಂಧಪಟ್ಟವರ ಹೇಳಿಕೆಗಳನ್ನು ಅವರವರ ಮಾತಿನಲ್ಲೇ ಕೆಳಗೆ ದಾಖಲಿಸಲಾಗಿದೆ. ಮಾತಿನ ಭರದಲ್ಲಿ ಬಂದ ಕೆಲವು ಪದಗಳನ್ನು ಮಗು ಓದುವುದರಿಂದ ಕೈಬಿಡಲಾಗಿದೆ.

ಹೇಳಿಕೆಗಳು:

(ಅ) ಶ್ರೀಮತಿ ಪಾರ್ವತೆಮ್ಮ, ಮಗುವಿನ ಅಜ್ಜಿ, ಹಬ್ಬಕ್ಕೆಂದು ದೇವದುರ್ಗ ಕಡೆಯ ಜಾಲಹಳ್ಳಿಯಿಂದ ಬಂದವರು: “ಹಬ್ಬ ಅಂದಮ್ಯಾಲ ಮನಿ ತೊಳೀಬೇಕೋ ಬ್ಯಾಡೋ? ಗಡಿಗಿ ತೊಳದ್ನಿ, ಬಾಗಲಾ ತೊಳದ್ನಿ, ದೇವರ ಸಾಮಾನಿಗೆ ಹುಣಸಿಹಣ್ಣು ಹಚ್ಚಿ ತಿಕ್ಕಿದ್ನಿ. ಆ ಮೀನಿನ ಡಬ್ಬಿಯೊಳಗಿನ ಸ್ಪಂಜು ತೆಗದು ನೋಡ್ತೀನಿ, ಎಮ್ಮಿ ಮೈ ತೊಳದ ಚಿಂದಿ ಆಗ್ಯಾದ! ಲೋಳಿ ಲೋಳಿ. ಸಬಕಾರ ಹಚ್ಚಿ ಹಿಂಡಿ ಹಿಂಡಿ ತೊಳದು, ಮಾಳಗಿ ಮ್ಯಾಲ ಬಿಸಲಿಗೆ ಹಾಕಿದ್ನಿ. ಸಂಜಿಗೆ ಮಲ್ಲಿಗಿ ಹೂವಾಗಿತ್ತು ನೋಡವ್ವಾ. ಹೊಲಸು ತೆಗದ್ರ ಮೀನು ಸಾಯ್ತಾವಂತ ಯಾವ ಊರಾಗ ಹೇಳ್ಯಾರ? ನಂಗೇನೋ ಯಾರದೋ ಕಣ್ಣು ಬಿದ್ದಂಗ ಕಾಣ್ತದ.”

ಇಲಾಖೆಯ ಟಿಪ್ಪಣಿ: ಫಿಲ್ಟರಿನೊಳಗಿನ ಪಿಂಗಾಣಿ ಉಂಗುರಗಳನ್ನೂ ತೊಳೆದು ಅದೇ ಮಾಳಿಗೆಯಲ್ಲಿ ಸಂಡಿಗೆಯ ಪಕ್ಕ ಒಣಗಿಸಲಾಗಿತ್ತು. ಅವುಗಳಲ್ಲಿ ಒಂದನ್ನು ಹಬ್ಬದ ಊಟಕ್ಕೆ ಎಣ್ಣೆಯಲ್ಲಿ ಕರಿಯಲಾಗಿದ್ದು, ಅದು ಅರಳಲಿಲ್ಲವೆಂದು ವರದಿಯಾಗಿದೆ.

(ಆ) ಶ್ರೀ ಅಮರೇಶ, ಮಗುವಿನ ತಂದೆ, ದೇವದುರ್ಗದಲ್ಲಿ ಶಿಕ್ಷಕರು: “ಪಡಸಾಲಿ ಕರೆಂಟಿನ ಬೋರ್ಡಿಗೆ ಸರಿ ಇರೋದೇ ಒಂದು ತೂತು. ರಾತ್ರಿ ಎಲ್ಲಾ ಮೀನು ಬರ್ರ್ ಅಂತಾವು, ನಿದ್ದಿ ಹತ್ತವಲ್ದು. ಅದರ ಪ್ಲಗ್ಗು ಕಿತ್ತಿ ಫೋನ್ ಚಾರ್ಜಿಗೆ ಇಟ್ಟಿನಿ. ಮುಂಜಾನೆ ದೇವದುರ್ಗ ಬಸ್ಸಿನ ಗಡಿಬಿಡ್ಯಾಗ ತಿರುಗಿ ಹಾಕೋದು ಮರತ್ನಿ, ಅಷ್ಟೇ. ಮತ್ತ ನೀರು ಹಳೇವು ಆಗ್ಯಾವಂತ ನಳದಿಂದ ಪೈಪ್ ಹಚ್ಚಿ ಹೊಸ ನೀರು ತುಂಬಿಸಿಕೊಟ್ಟೀನಲ್ಲ, ಅದ್ಯಾಕ ಬರಕೊಳ್ಳವಲ್ಲಿ?”

ಬರೆದುಕೊಳ್ಳಲಾಗಿದೆ. ಬರ್ರ್ ಎನ್ನುವುದು ಫಿಲ್ಟರಿನ ಮೋಟಾರೇ ಹೊರತು ಮೀನಲ್ಲವೆಂದು ಸ್ಪಷ್ಟಪಡಿಸಲಾಗಿದೆ.

(ಇ) ಶ್ರೀ ಮತೀನ್, ಮೀನಿನ ಅಂಗಡಿ: “ಮೇಡಂ, ತೊಟ್ಟಿ ಸ್ವಚ್ಛ ಇಡ್ರಿ ಅಂದಿದ್ದು ಖರೇ ರೀ. ಅಷ್ಟು ಸ್ವಚ್ಛ ಅಂದಿಲ್ರೀ! ಆ ಲೋಳಿಯೊಳಗೇ ಒಳ್ಳೇ ಹುಳ ಇರ್ತಾವ್ರಿ. ಮೀನಿನ ಹೊಲಸು ನೀರಾಗ ಅಮೋನಿಯಾ ಆಗ್ತದ, ಅದು ಮೀನಿಗೆ ವಿಷ. ಆ ಹುಳಾನೇ ಅದನ್ನ ತಿಂದು ನೀರು ಹಗುರ ಮಾಡ್ತಾವ. ನೀವು ಅವನ್ನೇ ಸಬಕಾರ ಹಾಕಿ ಕೊಂದ್ರಿ. ಮೀನು ತಾ ಮಾಡಿದ್ದರಾಗ ತಾನೇ ಕುಂತದ. ಪಾಪ, ಎಷ್ಟು ದಿನ ತಡೀತದ್ರಿ?”

(ಈ) ಕುಮಾರಿ ವಿಶಾಖಾ: ಹೇಳಿಕೆ ಇಲ್ಲ. ಆದರೆ ತೊಟ್ಟಿಯ ತಳದ ಕಲ್ಲುಗಳ ನಡುವೆ ಹೂರಣ ಮೆತ್ತಿದ ಹೋಳಿಗೆಯ ಸಣ್ಣ ಚೂರು ಪತ್ತೆಯಾಗಿದೆ. ಹಬ್ಬದ ದಿನ ಎಲ್ಲರಿಗೂ ಎಲೆ ಹಾಕಿದಾಗ ಮೀನುಗಳಿಗೆ ಮಾತ್ರ ಒಣ ಕಾಳು ಎಂಬುದು ಯಾರೋ ಒಬ್ಬರ ಮನಸ್ಸಿಗೆ ಸರಿ ಬಾರದೆ, ತಮ್ಮ ಪಾಲಿನ ಹೋಳಿಗೆಯ ತುದಿ ಮುರಿದು ಹಾಕಿರುವುದು ಇದರಿಂದ ತಿಳಿದುಬರುತ್ತದೆ. ಸದರಿ ಯಾರೋ ಒಬ್ಬರು ಯಾರೆಂದು ಇಲಾಖೆಯು ಯಾರನ್ನೂ ಕೇಳಿರುವುದಿಲ್ಲ, ಕೇಳುವುದೂ ಇಲ್ಲ.

ಮೇಲ್ಕಂಡ ಎಲ್ಲವನ್ನೂ ಸಾರಿನ ಒಗ್ಗರಣೆಯ ನಡುವೆ ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಗಿನಂತೆ ಆದೇಶಿಸಲಾಗಿದೆ.

ಸೂಚನೆಗಳು:

1. ಫಿಲ್ಟರಿನಲ್ಲಿ ವಾಸಿಸುವ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಇಂದಿನಿಂದ ಈ ಮನೆಯ ಕಾಯಂ ಸಿಬ್ಬಂದಿ ಎಂದು ಪರಿಗಣಿಸಲಾಗುವುದು. ಇವರು ಹಗಲು ರಾತ್ರಿ, ಹಬ್ಬ ಹುಣ್ಣಿಮೆ ಎನ್ನದೆ ದುಡಿಯುತ್ತಾರೆ. ಮದುವೆಗೆ ಹೋಗುವುದಿಲ್ಲ. ಕಣ್ಣಿಗೆ ಕಾಣದ ಕಾರಣ ಹಾಜರಿ ಕರೆಯಲು ಬರುವುದಿಲ್ಲ. ಮೀನು ಬದುಕಿದ್ದರೆ ಎಲ್ಲರೂ ಹಾಜರಿದ್ದಾರೆ ಎಂದು ತಿಳಿಯತಕ್ಕದ್ದು.

2. ಸದರಿ ಸಿಬ್ಬಂದಿ ಬಹುಪಾಲು ನೀರಿನಲ್ಲಿ ಇರುವುದಿಲ್ಲ. ಸ್ಪಂಜಿನ ತೂತುಗಳಲ್ಲಿ, ಪಿಂಗಾಣಿ ಉಂಗುರಗಳ ಒಳಗೋಡೆಗಳಲ್ಲಿ ಅಂಟಿಕೊಂಡು ಸಂಸಾರ ಹೂಡಿರುತ್ತಾರೆ. ಆದ್ದರಿಂದ ಸ್ಪಂಜಿನ ಲೋಳೆಯನ್ನು ‘ಹೊಲಸು’, ‘ಗಲೀಜು’, ‘ಥೂ’ ಇತ್ಯಾದಿ ಪದಗಳಿಂದ ಕರೆಯುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಅದು ಅವರ ಓಣಿ.

3. ಸ್ಪಂಜಿಗೆ ಸಬಕಾರ ಅರ್ಥಾತ್ ಸಾಬೂನು, ಸೀಗೆಪುಡಿ, ನಿಂಬೆಹಣ್ಣು, ಹುಣಸೆಹಣ್ಣು, ಬೂದಿ ಇವುಗಳಲ್ಲಿ ಯಾವುದನ್ನೂ ಹಚ್ಚತಕ್ಕದ್ದಲ್ಲ. ನೀರು ಹೋಗದಷ್ಟು ಸ್ಪಂಜು ಕಟ್ಟಿಕೊಂಡಾಗ ಮಾತ್ರ, ತೊಟ್ಟಿಯದೇ ನೀರನ್ನು ಒಂದು ಮಗ್ಗಿನಲ್ಲಿ ತೆಗೆದುಕೊಂಡು, ಅದರಲ್ಲಿ ಸ್ಪಂಜನ್ನು ಅದ್ದಿ, ಮಗುವಿನ ಕೆನ್ನೆ ಹಿಂಡುವಷ್ಟೇ ಬಲದಲ್ಲಿ ಹಿಂಡತಕ್ಕದ್ದು. ಯಾವ ಮಗುವಿನ ಕೆನ್ನೆ ಎಂಬ ಬಗ್ಗೆ ಸಂದೇಹ ಬಂದಲ್ಲಿ ಮುಖ್ಯಸ್ಥರನ್ನು ಸಂಪರ್ಕಿಸುವುದು. ಅವರು ಮಾದರಿ ತೋರಿಸುವರು.

4. ರಾಯಚೂರಿನ ಬಿಸಿಲನ್ನು ಮೆಣಸಿನಕಾಯಿ, ಸಂಡಿಗೆ, ಕೌದಿ ಮತ್ತು ಉಪ್ಪಿನಕಾಯಿ ಭರಣಿಗೆ ಮಾತ್ರ ಬಳಸತಕ್ಕದ್ದು. ಇಲ್ಲಿಯ ಚೈತ್ರದ ಬಿಸಿಲಿಗೆ ಮನುಷ್ಯರೇ ಮಧ್ಯಾಹ್ನ ಹೊರಗೆ ಕಾಲಿಡುವುದಿಲ್ಲ. ಸದಾ ನೀರಿನಲ್ಲಿರುವ ಸಿಬ್ಬಂದಿಯನ್ನು ಮಾಳಿಗೆಗೆ ಕಳಿಸುವುದು ಮಾನವೀಯತೆ ಅಲ್ಲ.

5. ಸ್ಪಂಜು ಮತ್ತು ಉಂಗುರ, ಎರಡನ್ನೂ ಒಂದೇ ದಿನ ಮುಟ್ಟತಕ್ಕದ್ದಲ್ಲ. ಇಡೀ ಕಛೇರಿಯನ್ನು ಒಮ್ಮೆಗೇ ವರ್ಗಾವಣೆ ಮಾಡಿದರೆ ಮರುದಿನ ಬಾಗಿಲು ತೆಗೆಯುವವರು ಯಾರು? ಇದನ್ನು ಶ್ರೀ ಅಮರೇಶ ಅವರು ತಮ್ಮ ಶಾಲೆಯ ಅನುಭವದಿಂದ ಚೆನ್ನಾಗಿ ಬಲ್ಲರು.

6. ನಳದ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ ಇರುವುದರಿಂದ ಅದು ನಮ್ಮ ಹೊಟ್ಟೆ ಕೆಡಿಸುವ ಹುಳ ಕೊಲ್ಲುವಷ್ಟೇ ಶ್ರದ್ಧೆಯಿಂದ ಫಿಲ್ಟರಿನ ಹುಳವನ್ನೂ ಕೊಲ್ಲುತ್ತದೆ. ಹೊಸ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಒಂದಿಡೀ ದಿನ ತೆರೆದಿಟ್ಟು, ವಾಸನೆ ಹೋದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬದಲಿಸತಕ್ಕದ್ದು. ವಿಶ್ರಾಂತಿಯಲ್ಲಿರುವ ಸದರಿ ಬಕೆಟ್ಟಿನಲ್ಲಿ ಕಾಲು ತೊಳೆಯುವುದು, ಮುಖ ನೋಡಿಕೊಳ್ಳುವುದು, ‘ಈ ನೀರು ಯಾರಿಗೆ ಇಟ್ಟೀರಿ?’ ಎಂದು ದಾಟಿದಾಗಲೆಲ್ಲ ಕೇಳುವುದು, ಇವೆಲ್ಲವನ್ನೂ ಶಿಸ್ತಿನ ಉಲ್ಲಂಘನೆ ಎಂದು ಭಾವಿಸಲಾಗುವುದು.

7. ಬೋರ್ಡಿನ ಏಕೈಕ ಸುಸ್ಥಿತಿಯ ತೂತನ್ನು ಫಿಲ್ಟರಿಗೆ ಶಾಶ್ವತವಾಗಿ ಮಂಜೂರು ಮಾಡಲಾಗಿದೆ. ಹರಿಯುವ ನೀರಿನೊಂದಿಗೆ ಬರುವ ಗಾಳಿಯೇ ಸಿಬ್ಬಂದಿಯ ಉಸಿರು. ಮೋಟಾರು ನಿಂತರೆ ಅವರ ಮೂಗು ಮುಚ್ಚಿದಂತೆ. ಫೋನನ್ನು ಶಿಕ್ಷಕರ ಕೊಠಡಿಯಲ್ಲಿ ಚಾರ್ಜ್ ಮಾಡಿಕೊಳ್ಳುವುದು.

8. ಕರೆಂಟು ಹೋದಲ್ಲಿ, ಮನೆಯಲ್ಲಿ ಲಭ್ಯವಿರುವ ಗಂಡಸರು ತಂಬಿಗೆಯಿಂದ ತೊಟ್ಟಿಯ ನೀರನ್ನೇ ಎತ್ತಿ, ಗೇಣೆತ್ತರದಿಂದ ನಿಧಾನಕ್ಕೆ ಸುರಿಯುತ್ತ ಕುಳಿತುಕೊಳ್ಳತಕ್ಕದ್ದು. ಬಾಯಿಂದ ಬರ್ರ್ ಎಂದು ಸದ್ದು ಮಾಡುವುದು ಕಡ್ಡಾಯವಲ್ಲ. ಆದರೂ ಮೀನುಗಳಿಗೆ ಧೈರ್ಯ ಬರುವುದಾದರೆ ಅಭ್ಯಂತರವಿಲ್ಲ.

9. ಫಿಲ್ಟರನ್ನು ನೀರಿನ ಮೇಲ್ಮೈ ಸಣ್ಣಗೆ ಅಲುಗುವಂತೆ ಜೋಡಿಸತಕ್ಕದ್ದು. ಸಾರು ಕುದಿದಂತೆ ಕುದಿಸತಕ್ಕದ್ದಲ್ಲ. ಬೆಕ್ಕು ಮೋಟಾರಿನ ಮುಚ್ಚಳದ ಮೇಲೆ ಬೆಚ್ಚಗೆ ಕುಳಿತು ಕೆಳಗೆ ನೋಡುವ ಪದ್ಧತಿಯನ್ನು ತಕ್ಷಣದಿಂದ ರದ್ದುಪಡಿಸಲಾಗಿದೆ. ಬೆಕ್ಕಿಗೆ ತಿಳಿವಳಿಕೆ ಪತ್ರ ನೀಡಲಾಗಿದ್ದು, ಅದು ಪತ್ರದ ಮೇಲೆಯೇ ಮಲಗಿರುತ್ತದೆ.

10. ಹೆಪ್ಪು ತರುವ ಬಗ್ಗೆ: ಸತ್ತ ಸಿಬ್ಬಂದಿಯ ಜಾಗಕ್ಕೆ ಹೊಸಬರು ತಾವಾಗಿಯೇ ಬಂದು ಬೆಳೆಯಲು ವಾರಗಟ್ಟಲೆ ಬೇಕು. ಅಷ್ಟು ಕಾಯುವ ಶಕ್ತಿ ಉಳಿದ ಮೀನುಗಳಿಗಿಲ್ಲ. ಮೊಸರು ತೀರಿದಾಗ ಪಕ್ಕದ ಮನೆಯಿಂದ ಹೆಪ್ಪು ತರುವಂತೆ, ಹಳೆಯ ತೊಟ್ಟಿಯ ಸ್ಪಂಜಿನ ತುಂಡನ್ನು ತಂದು ನಮ್ಮ ಫಿಲ್ಟರಿನಲ್ಲಿ ಇಟ್ಟರೆ ಅದರಿಂದ ಬೇಗ ಹಬ್ಬುತ್ತದೆ ಎಂದು ಶ್ರೀ ಮತೀನ್ ತಿಳಿಸಿರುತ್ತಾರೆ. ಅದರಂತೆ ಮುಖ್ಯಸ್ಥರು ನಿನ್ನೆ ಸಂಜೆ ಬಟ್ಟಲು ಹಿಡಿದು, ಹಳೆಯ ಮೀನಿನ ತೊಟ್ಟಿ ಇರುವ ಗೋಡೆಯಾಚೆಯ ಶ್ರೀಮತಿ ಹೀರಾಬಿ ಅವರ ಮನೆಗೆ ಹೋಗಿದ್ದರು. ಸದರಿಯವರು ಸ್ಪಂಜಿನ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತ ಹೇಳಿದ್ದು: “ನಿಮ್ಮ ಅತ್ತಿಯವರು ಮೊನ್ನಿ ಗ್ವಾಡಿ ಮ್ಯಾಲಿಂದ ಇಣುಕಿ, ‘ಏನ ಹೀರಾಬಿ, ತೊಟ್ಟಿ ಪಾಚಿ ಹಿಡದದ, ಒಮ್ಮೆರ ತಿಕ್ಕಬಾರದೇನು’ ಅಂದಿದ್ರು. ಈಗ ಸೊಸಿ ಆ ಪಾಚಿಗೇ ಬಟ್ಟಲ ಹಿಡಕೊಂಡು ಬಂದಾಳ! ತೊಗೊಳ್ಳವ್ವಾ ತೊಗೊ, ನಗಾಕತ್ತೀನಿ ಅಂತ ಬ್ಯಾಸರ ಮಾಡ್ಕೊಬ್ಯಾಡ. ಕೂಸಿಗೆ ಹೇಳು, ಹೀರಾಬಿ ಖಾಲಾನ ಮನಿ ಹುಳ ಭಾಳ ಗಟ್ಟಿ ಅಂತ.”

ದೀಪ ಹಚ್ಚಿದ ಮೇಲೆ ಹೆಪ್ಪು ತರಬಾರದು, ಕೊಡಬಾರದು ಎಂದು ಶ್ರೀಮತಿ ಪಾರ್ವತೆಮ್ಮ ಅವರು ಆಕ್ಷೇಪಣೆ ಎತ್ತಿದ್ದರು. ಬ್ಯಾಕ್ಟೀರಿಯಾ ಮೊಸರಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಬಗ್ಗೆ ಬಾಗಿಲಲ್ಲೇ ಚರ್ಚೆ ನಡೆದು, ಬಟ್ಟಲಿಗೆ ಒಂದು ಹರಳು ಉಪ್ಪು ಹಾಕಿ ಒಳಗೆ ತರಬಹುದೆಂದು ಅವರೇ ಸಲಹೆ ನೀಡಿದರು. ಹಾಕಲಾಯಿತು. ಉಪ್ಪಿನಿಂದ ತೊಂದರೆ ಆದಂತೆ ಕಾಣುವುದಿಲ್ಲ. ಇಂದು ಬೆಳಿಗ್ಗೆಯಿಂದ ಮೀನುಗಳು ಮೇಲ್ಭಾಗ ಬಿಟ್ಟು ಸ್ವಲ್ಪ ಕೆಳಗಿಳಿದು ಓಡಾಡುತ್ತಿವೆ.

11. ಹುಳ ಹಬ್ಬುವವರೆಗೆ ಕಾಳನ್ನು ಚಿಟಿಕೆಗಿಂತ ಕಡಿಮೆ ಹಾಕತಕ್ಕದ್ದು. ಬಾಗಲವಾಡ, ಚಂದ್ರಬಂಡ ಮುಂತಾದ ಕಡೆಯಿಂದ ಬರುವ ಬಂಧುಗಳು ಮೀನು ನೋಡಿದ ಸಂತೋಷಕ್ಕೆ ಮಂಡಕ್ಕಿ, ಶೇಂಗಾ ಎಸೆಯತಕ್ಕದ್ದಲ್ಲ. ಮುಚ್ಚಳ ಎತ್ತಿ ‘ಬೆಳದಾವೇನು?’ ಎಂದು ಇಣುಕತಕ್ಕದ್ದಲ್ಲ. ಹೆಪ್ಪು ಹಾಕಿದ ಪಾತ್ರೆಯನ್ನು ಅಲ್ಲಾಡಿಸಬಾರದೆಂದು ಈ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

12. ಹೋಳಿಗೆಯ ಚೂರಿನ ಬಗ್ಗೆ: ಈ ಕಲಮನ್ನು ಎಲ್ಲರೂ, ವಿಶೇಷವಾಗಿ ಒಬ್ಬರು, ಎರಡು ಸಲ ಓದತಕ್ಕದ್ದು. ಸದರಿ ಚೂರು ಅಂಗೈಯಲ್ಲಿಟ್ಟರೆ ಉಗುರಿನಷ್ಟೂ ಇಲ್ಲ. ಸಿಬ್ಬಂದಿ ಜೀವಂತವಾಗಿದ್ದ ಕಾಲದಲ್ಲಿ ಇಂಥ ಚೂರನ್ನು ಅವರು ಹಬ್ಬದ ಊಟವೆಂದೇ ಅರಗಿಸಿಕೊಳ್ಳುತ್ತಿದ್ದರು ಎಂದು ಶ್ರೀ ಮತೀನ್ ಅವರು ಖಚಿತಪಡಿಸಿರುತ್ತಾರೆ. ಹೋಳಿಗೆ ಬೀಳುವ ಮುಂಚೆಯೇ ಸ್ಪಂಜು ತೊಳೆದು, ಉಂಗುರ ಒಣಗಿಸಿ, ನಳದ ನೀರು ತುಂಬಿಸಿ, ಪ್ಲಗ್ಗು ಕಿತ್ತು ಆಗಿತ್ತು. ಆದ್ದರಿಂದ ಬೂಂದಿಯ ಮರಣಕ್ಕೂ ಹೋಳಿಗೆಗೂ, ಹೋಳಿಗೆ ಹಾಕಿದ ಕೈಗೂ ಯಾವುದೇ ಸಂಬಂಧ ಇರುವುದಿಲ್ಲ ಎಂದು ಈ ಮೂಲಕ ಘೋಷಿಸಲಾಗಿದೆ. ಆ ಕೈಗೆ ಕಾಳಿನ ಡಬ್ಬಿಯನ್ನು ಪೂರ್ಣ ಅಧಿಕಾರದೊಂದಿಗೆ ಮರಳಿಸಲಾಗಿದೆ.

13. ತೊಳೆದವರ, ತುಂಬಿಸಿದವರ, ಕಿತ್ತವರ ಮೇಲೆ ಶಿಸ್ತುಕ್ರಮ ಇರುವುದಿಲ್ಲ. ಎಲ್ಲವೂ ಉಲ್ಲೇಖ (1)ರ ಆದೇಶದಂತೆಯೇ ನಡೆದಿದ್ದು, ಸದರಿ ಆದೇಶ ಹೊರಡಿಸಿದವರಿಗೆ ಸೀದ ರೊಟ್ಟಿಯನ್ನು ತಿನ್ನಲು ಸೂಚಿಸಲಾಗಿತ್ತು. ತಿಂದಿರುತ್ತಾರೆ.

14. ಕೊನೆಯದಾಗಿ, ಈ ಮನೆಯಲ್ಲಿ ಯಾವುದೇ ಪ್ರಶ್ನೆಯನ್ನು ಯಾವುದೇ ಹೊತ್ತಿನಲ್ಲಿ ಕೇಳಬಹುದಾಗಿದೆ. ರೊಟ್ಟಿ ಬಡಿಯುವಾಗ, ಹಾಲು ಉಕ್ಕುವಾಗ, ತಂದೆಯವರು ಬಸ್ಸಿಗೆ ಓಡುವಾಗ ಕೂಡ. ಬಾಗಿಲವರೆಗೆ ತಂದ ಪ್ರಶ್ನೆಯನ್ನು ಹಿಂದಕ್ಕೆ ಒಯ್ಯತಕ್ಕದ್ದಲ್ಲ. ಪ್ರಶ್ನೆ ಯಾವುದೆಂದು ಇಲಾಖೆ ಊಹಿಸಿದ್ದು, ಅದಕ್ಕೆ ಕಲಮು 12ರಲ್ಲಿ ಉತ್ತರಿಸಿದ್ದೇವೆಂದು ನಂಬಿದೆ. ಊಹೆ ತಪ್ಪಿದ್ದಲ್ಲಿ ತಿದ್ದುಪಡಿ ಮಾಡಲು ಪೆನ್ನು ಸಿದ್ಧವಿದೆ.

(ಸಹಿ)
ಅನ್ನಪೂರ್ಣ
ಮುಖ್ಯಸ್ಥರು, ಒಳಮನೆ ಇಲಾಖೆ
(ಅಡುಗೆ, ಮುಸುರೆ, ಬಟ್ಟೆ ಮತ್ತು ಮನೆಪಾಠ ಶಾಖೆಗಳ ಹೆಚ್ಚುವರಿ ಪ್ರಭಾರ)
ಕೈಗೆ ಹಿಟ್ಟು ಹತ್ತಿದ್ದರಿಂದ ಮೊಹರಿನ ಬದಲು ಹೆಬ್ಬೆರಳ ಗುರುತು ತಾನಾಗಿ ಬಿದ್ದಿರುತ್ತದೆ

ಪ್ರತಿಗಳು:
1. ಶ್ರೀ ಅಮರೇಶ ಅವರಿಗೆ, ಊಟದ ಡಬ್ಬಿಯ ಮುಚ್ಚಳದೊಳಗೆ ಇಟ್ಟು, ದೇವದುರ್ಗ ಬಸ್ಸಿನ ಮೂಲಕ.
2. ಶ್ರೀಮತಿ ಹೀರಾಬಿ ಅವರಿಗೆ, ಗೋಡೆಯ ಮೇಲಿಂದ, ಅವರ ಬಟ್ಟಲು ಮತ್ತು ನಾಲ್ಕು ಹೋಳಿಗೆಗಳೊಂದಿಗೆ.
3. ಶ್ರೀ ಮತೀನ್ ಅವರಿಗೆ, ಮುಂದೆ ‘ಸ್ವಚ್ಛ’ ಎಂಬ ಪದವನ್ನು ಅಳತೆ ಹೇಳಿ ಬಳಸುವಂತೆ ಕೋರಿ.
4. ಬೆಕ್ಕಿಗೆ. (ಮೇಲೆ ಹೇಳಿದಂತೆ, ತಲುಪಿದೆ.)
5. ಫಿಲ್ಟರಿನ ಸಿಬ್ಬಂದಿಗೆ. ಓದು ಬಾರದ ಕಾರಣ ತೊಟ್ಟಿಯ ಗಾಜಿಗೆ ಹೊರಗಿನಿಂದ ಅಂಟಿಸಲಾಗಿದೆ.
6. ಶ್ರೀಮತಿ ಪಾರ್ವತೆಮ್ಮ ಅವರಿಗೆ. ಅವರ ಕನ್ನಡಕದ ಕಡ್ಡಿ ಮುರಿದು ರಿಪೇರಿಗೆ ಹೋಗಿರುವುದರಿಂದ, ಕುಮಾರಿ ವಿಶಾಖಾ ಅವರು ಎದುರು ಕುಳಿತು ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿ ಹೇಳತಕ್ಕದ್ದು.
7. ಕುಮಾರಿ ವಿಶಾಖಾ ಅವರಿಗೆ, ಖುದ್ದಾಗಿ, ಕೈಯಲ್ಲಿ.

ಜಾರಿಯ ವರದಿ:

ಪ್ರತಿ 7ನ್ನು ಇಂದು ಮುಸುರೆ ತೊಳೆದಾದ ಮೇಲೆ ಸಂಬಂಧಪಟ್ಟವರಿಗೆ ತಲುಪಿಸಲಾಯಿತು. ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, ಸಾಲಿನ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತ ಓದಿದರು. ಕರಿದ ಉಂಗುರದ ಹತ್ತಿರ ಒಮ್ಮೆ ನಕ್ಕಂತೆ ಕಂಡಿತು. ಕಲಮು 12ನ್ನು ಸೂಚನೆಯಂತೆ ಎರಡು ಸಲ ಓದಿ, ಮೂರನೆಯ ಸಲವೂ ಓದಿದರು. ಅನಂತರ ಪ್ರತಿಗಳ ಪಟ್ಟಿಗೆ ಬಂದು, ಆರನೆಯ ಸಾಲಿನಲ್ಲಿ ಬೆರಳು ನಿಲ್ಲಿಸಿದರು. ಪಡಸಾಲೆಯಲ್ಲಿ ಶ್ರೀಮತಿ ಪಾರ್ವತೆಮ್ಮ ಅವರು ತೊಟ್ಟಿಯ ಮುಂದೆ ಕುಳಿತು, ಉಳಿದ ಮೀನುಗಳಿಗೆ ದೃಷ್ಟಿ ತೆಗೆಯುತ್ತಿದ್ದರು. ಕುಮಾರಿ ವಿಶಾಖಾ ಅವರು ಸ್ವಲ್ಪ ಹೊತ್ತು ಆ ಕಡೆ ನೋಡಿದರು. ಆಮೇಲೆ ಎದ್ದು ಒಳಗೆ ಬಂದು, ಮುಖ್ಯಸ್ಥರ ಒದ್ದೆ ಸೆರಗು ಹಿಡಿದು, ಬಾಯಿ ತೆರೆದರು. ಈ ಸಲ ಮುಚ್ಚಲಿಲ್ಲ. ಅವರು ಕೇಳಿದ ಪ್ರಶ್ನೆಯನ್ನು ತಿದ್ದುಪಡಿಗಾಗಿ ಇಲ್ಲಿ ಯಥಾವತ್ತಾಗಿ ದಾಖಲಿಸಲಾಗಿದೆ:

“ಯವ್ವಾ, ನನ್ನ ಹೋಳಿಗಿಯಿಂದ ಅಲ್ಲಂತ ಬರದೀಯಲ್ಲ, ಹಂಗ ಅಜ್ಜಿ ಸಬಕಾರದಿಂದನೂ ಅಲ್ಲಂತ ಬರೀತೀಯೇನಬೇ?”